ಎರಡು ಸಂಘ, ಎರಡು ಬೈಲಾ: ಯುರೋಪಿನ ನ್ಯೂರಾಲಜಿಸ್ಟರು ಒಂದಾದಾಗ ನಾನು ಮಾಡಿದ್ದು

2012ರ ಜೂನ್‌ನಲ್ಲಿ ಪ್ರಾಗ್‌ನಲ್ಲಿ ಒಂದು ಸಮಾವೇಶ, ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಇನ್ನೊಂದು. ಎರಡೂ ಯುರೋಪಿನ ನ್ಯೂರಾಲಜಿಸ್ಟರದ್ದೇ, ಅಂದರೆ ಮೆದುಳು-ನರಗಳ ಡಾಕ್ಟರುಗಳದ್ದೇ, ಆದರೆ ಸಂಘ ಬೇರೆ ಬೇರೆ. ನಾನು ಆಗ ಅಲ್ಲಿನ ಒಂದು ಸಣ್ಣ ದೇಶದಲ್ಲಿ ಟ್ರೇನಿಂಗ್‌ನಲ್ಲಿದ್ದೆ. ಡ್ಯೂಟಿ ಪಟ್ಟಿ ನೋಡಿದರೆ ವರ್ಷಕ್ಕೆ ಒಂದು ಸಮಾವೇಶಕ್ಕೆ ರಜೆ ಸಿಕ್ಕಿದರೆ ಪುಣ್ಯ. ಯಾವುದಕ್ಕೆ ಹೋಗೋದು? ಸೀನಿಯರ್‌ಗಳನ್ನು ಕೇಳಿದರೆ ಅರ್ಧ ಜನ ಅದಕ್ಕೆ ಅಂದರು, ಅರ್ಧ ಜನ ಇದಕ್ಕೆ ಅಂದರು. ಎರಡು ಸಂಘ ಯಾಕೆ ಬೇಕು ಅಂತ ಕೇಳಿದ್ದಕ್ಕೆ ಮಾತ್ರ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಆ ಪ್ರಶ್ನೆಯಿಂದಲೇ.

ಎರಡೂ ಸಂಘಗಳು ಸೇರುವ ಮಾತುಕತೆ ಆಗಲೇ ನಡೆದಿತ್ತು. ದೊಡ್ಡವರ ಮಟ್ಟದ ಆ ಮಾತುಕತೆಯಲ್ಲಿ ನಾನಿರಲಿಲ್ಲ. ನಾನಿದ್ದ ದೇಶದ ನ್ಯೂರಾಲಜಿ ಸಂಘದಲ್ಲಿ ಟ್ರೇನಿಗಳದ್ದೇ ಒಂದು ಚಿಕ್ಕ ಗುಂಪಿತ್ತು. ಸಂಘದ ಪ್ರತಿನಿಧಿ ಓಟು ಹಾಕೋಕೆ ಮುಂಚೆ ನಮ್ಮ ಅಭಿಪ್ರಾಯ ಬರೆದು ಕೊಡಬೇಕಿತ್ತು, ಅದನ್ನು ಬರೆಯುವ ಜವಾಬ್ದಾರಿ ನನಗೆ ಬಂತು.

ಒಂದು ಶನಿವಾರ ಎರಡೂ ಸಂಘಗಳ ಬೈಲಾಗಳನ್ನು ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ಕೂತೆ. 'ಸದಸ್ಯ' ಅಂತ ಬಂದ ಕಡೆಯಲ್ಲೆಲ್ಲ ಹಳದಿ ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ವಿಷಯ ಗೊತ್ತಾಯಿತು. ಪದ ಒಂದೇ, ಆದರೆ ಎರಡು ಕಡೆಯೂ ಅದರ ಅರ್ಥ ಬೇರೆ. 1991ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಇಎಫ್‌ಎನ್‌ಎಸ್ (ಯುರೋಪಿಯನ್ ಫೆಡರೇಷನ್ ಆಫ್ ನ್ಯೂರಾಲಜಿಕಲ್ ಸೊಸೈಟೀಸ್) ಒಂದು ಒಕ್ಕೂಟ. ಅಲ್ಲಿ ಸದಸ್ಯ ಅಂದರೆ ಒಂದು ದೇಶದ ಸಂಘ. ಇನ್ನೊಂದು ಇಎನ್‌ಎಸ್ (ಯುರೋಪಿಯನ್ ನ್ಯೂರಾಲಜಿಕಲ್ ಸೊಸೈಟಿ), ಅಲ್ಲಿ ಸದಸ್ಯ ಅಂದರೆ ಒಬ್ಬ ಡಾಕ್ಟರ್, ತಾನೇ ಚಂದಾ ಕಟ್ಟಿ ಸೇರಿದವನು.

ಇದು ನನಗೆ ತಟ್ಟನೆ ಹೊಳೆಯಿತು. ಯಾಕೆ ಅಂದರೆ ನಮ್ಮಪ್ಪ ಹಾಸನದ ಕಡೆ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಆಗಿದ್ದವರು. ಹಳ್ಳಿ ಸಂಘದಲ್ಲಿ ರೈತನೇ ಸದಸ್ಯ. ಜಿಲ್ಲಾ ಒಕ್ಕೂಟದಲ್ಲಿ ಹಳ್ಳಿ ಸಂಘ ಸದಸ್ಯ. ಕೆಎಂಎಫ್‌ಗೆ ಹೋದರೆ ಜಿಲ್ಲಾ ಒಕ್ಕೂಟ ಸದಸ್ಯ. ಹಾಲು ಹಾಕುವ ರೈತ ನೇರವಾಗಿ ಕೆಎಂಎಫ್‌ಗೆ ಹೋಗಿ ಓಟು ಹಾಕೋಕೆ ಆಗಲ್ಲ ಅಲ್ವಾ? ಇಎಫ್‌ಎನ್‌ಎಸ್ ಹಾಗೆ. ಇಎನ್‌ಎಸ್ ಹಳ್ಳಿ ಸಂಘದ ಹಾಗೆ, ಆದರೆ ಹಳ್ಳಿ ಮಾತ್ರ ಇಡೀ ಯುರೋಪ್. ಇವೆರಡನ್ನೂ ಸೇರಿಸಿದರೆ ಕೊನೆಗೆ ಓಟು ಯಾರದ್ದು?

ನಮ್ಮ ಗುಂಪಿನಲ್ಲಿ ಜಗಳ ಆಗಿದ್ದು ಈ ಒಂದೇ ವಿಷಯಕ್ಕೆ. ಜರ್ಮನಿಯ ಸಂಘದಲ್ಲಿ ಸಾವಿರಾರು ಜನ ಇದ್ದಾರೆ. ಐಸ್‌ಲ್ಯಾಂಡಿನ ನ್ಯೂರಾಲಜಿಸ್ಟರನ್ನೆಲ್ಲ ಕರೆದರೂ ಒಂದು ಕೋಣೆಯಲ್ಲಿ ಕೂರಿಸಬಹುದು. ತಲೆ ಲೆಕ್ಕದಲ್ಲಿ ಓಟು ಕೊಟ್ಟರೆ ನಮ್ಮಂಥ ಸಣ್ಣ ದೇಶದ ಮಾತು ಯಾರೂ ಕೇಳಲ್ಲ. ದೇಶಕ್ಕೊಂದು ಓಟು ಅಂದರೆ, ಸ್ವಂತ ದುಡ್ಡು ಕಟ್ಟಿ ಇಪ್ಪತ್ತು ವರ್ಷದಿಂದ ಇಎನ್‌ಎಸ್ ಕಟ್ಟಿದವರಿಗೆ ಏನು ಉಳೀತು? ನಾನು ಮೊದಲು ಬರೆದದ್ದು ದೇಶದ ಲೆಕ್ಕವೇ ಇರಲಿ ಅಂತ. ಅದನ್ನು ಓದಿದ ನಮ್ಮ ಸೀನಿಯರ್ ಒಬ್ಬರು ಫೋನ್ ಮಾಡಿ, ಬೇಜಾರಿನಲ್ಲೇ, "ಈ ದೇಶದ ಸಂಘ ನನಗೆ ಯಾವತ್ತೂ ಬಾಗಿಲು ತೆಗೆದಿರಲಿಲ್ಲ ಕಣಮ್ಮ, ಇಎನ್‌ಎಸ್ ತೆಗೆದಿತ್ತು" ಅಂದರು. ಅವರೂ ಹೊರದೇಶದಿಂದ ಬಂದವರೇ. ಆ ರಾತ್ರಿ ಟಿಪ್ಪಣಿಯನ್ನು ಮತ್ತೆ ಮೊದಲಿಂದ ಬರೆದೆ. ಸಂಘಗಳಿಗೂ ಓಟಿರಲಿ, ಒಬ್ಬೊಬ್ಬರಾಗಿ ಸೇರಿದವರಿಗೂ ಪ್ರತಿನಿಧಿಗಳಿರಲಿ, ಇಬ್ಬರೂ ಒಂದೇ ಸಭೆಯಲ್ಲಿ ಕೂರಲಿ ಅಂತ.

ಹೊಸ ಸಂಸ್ಥೆಯೂ ಕೊನೆಗೆ ಆಗಿದ್ದು ಹಾಗೆಯೇ. ನಮ್ಮ ಒಂದು ಪುಟದಿಂದ ಆಯಿತು ಅಂತ ಹೇಳ್ತಿಲ್ಲ. ಹತ್ತಾರು ದೇಶಗಳಲ್ಲಿ ಇದೇ ಜಗಳ ಆಗಿ, ಜನ ಇದೇ ದಾರಿಗೆ ಬಂದಿರಬೇಕು. ಸುಮ್ನೆ 'ಎಲ್ಲರೂ ಒಂದಾಗೋಣ' ಅನ್ನೋದು ಸುಲಭ. ಸರ್ವಸದಸ್ಯರ ಸಭೆಯಲ್ಲಿ ಯಾರು ಕೈ ಎತ್ತಬಹುದು ಅಂತ ಬರೆಯುವಾಗಲೇ ಬೆವರು ಇಳಿಯೋದು.

ಉಳಿದ ವಿಷಯಗಳು ಇಷ್ಟು ನೋಯಿಸಲಿಲ್ಲ. ಕಚೇರಿ ವಿಯೆನ್ನಾದಲ್ಲಿ ಆಯಿತು. ಇಎಫ್‌ಎನ್‌ಎಸ್‌ನ 'ಯುರೋಪಿಯನ್ ಜರ್ನಲ್ ಆಫ್ ನ್ಯೂರಾಲಜಿ' ಹೊಸ ಸಂಸ್ಥೆಗೆ ಬಂತು. ಹೆಸರಿನಲ್ಲಿ ಒಕ್ಕೂಟವೂ ಉಳಿಯಲಿಲ್ಲ, ಸಂಘವೂ ಉಳಿಯಲಿಲ್ಲ. ಯುರೋಪಿಯನ್ ಅಕಾಡೆಮಿ ಆಫ್ ನ್ಯೂರಾಲಜಿ, ಚಿಕ್ಕದಾಗಿ ಇಎಎನ್. ಯಾರ ಹೆಸರೂ ಗೆಲ್ಲಲಿಲ್ಲ, ಅದೇ ಒಳ್ಳೆಯದಾಯಿತು.

ಬೇಡ ಅನ್ನುತ್ತಿದ್ದವರ ಮುಂದೆ ನಾನು ಇಟ್ಟ ಕಾರಣ ಒಂದೇ. 2010ರ ಒಂದೇ ವರ್ಷದಲ್ಲಿ ಮೆದುಳಿನ ಕಾಯಿಲೆಗಳಿಂದ, ಮಾನಸಿಕ ಕಾಯಿಲೆಗಳನ್ನೂ ಸೇರಿಸಿ, ಯುರೋಪಿನ 30 ದೇಶಗಳಿಗೆ ಬಿದ್ದ ಹೊರೆ ಸುಮಾರು 79,800 ಕೋಟಿ ಯುರೋ ಅಂತ ಅಂದಾಜು ಮಾಡಿದ್ದರು. ಪಾರ್ಶ್ವವಾಯು, ಡಿಮೆನ್ಶಿಯಾ, ಮೂರ್ಛೆರೋಗ, ಪಾರ್ಕಿನ್ಸನ್ಸ್ ಎಲ್ಲ ಅದರಲ್ಲಿ ಬರುತ್ತವೆ. ಇಷ್ಟು ದೊಡ್ಡ ಸಂಕಟವನ್ನು ಯುರೋಪಿಯನ್ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ಗೆ ಹೋಗಿ ಹೇಳುವಾಗ ನಾವು ಎರಡು ಬಾಗಿಲಿಂದ ಎರಡು ಅರ್ಜಿ ಹಿಡಿದು ಹೋದರೆ, ಸಂಶೋಧನೆಗೆ ದುಡ್ಡು ಕೊಡುವವರು ಯಾಕೆ ಕಿವಿ ಕೊಡ್ತಾರೆ? ವಾರ್ಡಿನಲ್ಲಿ ಮಾತು ನಿಂತುಹೋದ ರೋಗಿಯ ಪಕ್ಕ ಕೂತವಳಿಗೆ ಇದು ಬರೀ ಸಂಘದ ರಾಜಕೀಯವಾಗಿ ಕಾಣಲಿಲ್ಲ.

2014ರ ಮೇ ಕೊನೆ, ಜೂನ್ ಶುರುವಿನಲ್ಲಿ ಇಸ್ತಾಂಬುಲ್‌ನಲ್ಲಿ ಎರಡೂ ಸಂಘಗಳು ಸೇರಿ ಒಂದೇ ಸಮಾವೇಶ ಮಾಡಿದವು. ಇಎಎನ್ ಹುಟ್ಟಿದ್ದು ಅಲ್ಲೇ. ಜರ್ಮನಿಯ ಕೀಲ್‌ನ ಗುಂಟರ್ ಡಾಯ್ಷಲ್ ಮೊದಲ ಅಧ್ಯಕ್ಷರಾದರು. ಚಹಾ ವಿರಾಮದಲ್ಲಿ ಅವತ್ತು ಫೋನ್ ಮಾಡಿದ್ದ ಆ ಸೀನಿಯರ್ ಸಿಕ್ಕಿದರು. ಏನೂ ಹೇಳಲಿಲ್ಲ, ಕೈ ಕುಲುಕಿ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಟ್ರೇನಿಗಳ ಕಥೆ ಒಂದು ಬಾಕಿ ಇದೆ. ಯುರೋಪಿನ ಯುವ ನ್ಯೂರಾಲಜಿಸ್ಟರಿಗೆ 1999ರಿಂದಲೇ ತಮ್ಮದೇ ಸಂಘ ಇತ್ತು. ಅದು ಇಎಎನ್ ಒಳಗೆ ರೆಸಿಡೆಂಟ್ ಮತ್ತು ರಿಸರ್ಚ್ ಫೆಲೋಗಳ ವಿಭಾಗ ಆಯಿತು. ಒಳಗೆ ಹೋದರೆ ದೊಡ್ಡವರ ನೆರಳಲ್ಲಿ ಕರಗಿಹೋಗ್ತೀವಿ ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಭಯ ಇತ್ತು. ನನಗೂ ಇತ್ತು.

2015ರ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ಇಎಎನ್‌ನ ಮೊದಲ ಸಮಾವೇಶ. ಅಷ್ಟರಲ್ಲಿ ನನ್ನ ಟ್ರೇನಿಂಗ್ ಮುಗಿದಿತ್ತು. ನಮ್ಮ ಗುಂಪಿನ ಫೈಲು ಹಿಡಿದುಕೊಂಡು ಹೋಗಿ ಮುಂದಿನ ಹುಡುಗಿಗೆ ಒಪ್ಪಿಸಿದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಬೈಲಾ ಓದೋಕೆ ಶುರು ಮಾಡಿದಳು, ಪೆನ್ನು ಇದೆಯಾ ಅಂತ ಕೇಳಿದಳು.