ಮೀಟಿಂಗ್‌ನಲ್ಲಿ ಒಪ್ಪಿಗೆ, ಆಮೇಲೆ ತಕರಾರು: ನಮ್ಮ ಟೀಮಿನಲ್ಲಿ ಇದು ಸರಿಹೋದ ಬಗೆ

ನಮ್ಮ ಟೀಮಿನವರು ಟೋಕಿಯೊ, ಬರ್ಲಿನ್, ಸಾವೊ ಪಾಲೊ ಮೂರೂ ಕಡೆ ಇದ್ದಾರೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು. ಒಂದೆರಡು ದಿನ ಬಿಟ್ಟು ಟೋಕಿಯೊದಿಂದ ಉದ್ದದ ಇಮೇಲ್ ಬರುತ್ತಿತ್ತು, ಇಂಥಿಂಥ ತೊಡಕಿದೆ ಅಂತ. ಬರ್ಲಿನ್‌ನವರಿಗೆ ಸಿಟ್ಟು: "ಆಗಲೇ ಹೇಳಬಹುದಿತ್ತಲ್ವಾ?"

ಜಪಾನಿನ ಅನೇಕ ಕಂಪನಿಗಳಲ್ಲಿ ಮೀಟಿಂಗ್‌ಗೆ ಮುಂಚೆಯೇ ಒಬ್ಬೊಬ್ಬರ ಹತ್ತಿರ ಮಾತಾಡಿ ಅಭಿಪ್ರಾಯ ಕೂಡಿಸುತ್ತಾರೆ. ಮೀಟಿಂಗ್ ಇರುವುದು ಆದ ನಿರ್ಧಾರಕ್ಕೆ ಮುದ್ರೆ ಒತ್ತಲು. ಎಲ್ಲರೆದುರು ಥಟ್ಟನೆ "ಇದು ಸರಿಯಿಲ್ಲ" ಅನ್ನುವುದು ಮುಖ ಮುರಿದ ಹಾಗೆ. ಜರ್ಮನಿಯಲ್ಲಿ ಅದೇ ಮಾತನ್ನು ನೇರವಾಗಿ ಹೇಳುವುದೇ ಮರ್ಯಾದೆ. ಇಬ್ಬರೂ ಗೌರವದಿಂದಲೇ ನಡೆದುಕೊಂಡಿದ್ದರು, ನನಗೆ ಇದು ತುಂಬಾ ಮುಖ್ಯ ಅನ್ನಿಸಿತು.

ಹಾಗಾಗಿ ಒಂದು ಪುಟದ ಟಿಪ್ಪಣಿಯನ್ನು ಮೊದಲೇ ಕಳಿಸಲು ಶುರುಮಾಡಿದೆ. ಟೋಕಿಯೊದವರಿಗೆ ಬೇರೆಯಾಗಿ ಫೋನ್ ಮಾಡುತ್ತೇನೆ. "ಇದು ಓಕೆನಾ?" ಅಂತ ಕೇಳಿದರೆ ಹೌದು ಅನ್ನದೆ ದಾರಿಯಿಲ್ಲ. "ಇದನ್ನು ಮಾಡಲು ಹೊರಟರೆ ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು?" ಅಂದರೆ ಮಾತು ಬರುತ್ತದೆ. ಕೇಳಿದ ಮೇಲೆ ಸುಮ್ನೆ ಕಾಯಬೇಕು, ನಡುವೆ ಬಾಯಿ ಹಾಕಬಾರದು. ಆ ಉದ್ದದ ಇಮೇಲ್‌ಗಳು ಈಗ ಬರುವುದು ನಿಂತಿದೆ. ತೊಡಕುಗಳು ಟಿಪ್ಪಣಿಯ ಅಂಚಿನಲ್ಲೇ ಬರುತ್ತವೆ.

ಇನ್ನೊಂದು ವಿಷಯ, ಸಮಯ. ಸಾವೊ ಪಾಲೊದಲ್ಲಿ ಬೆಳಿಗ್ಗೆ 9 ಅಂದರೆ ಟೋಕಿಯೊದಲ್ಲಿ ರಾತ್ರಿ 9. ಯಾವಾಗಲೂ ಒಂದೇ ಊರಿನವರು ನಿದ್ದೆಗೆಡುವುದು ಅನ್ಯಾಯ. ಒಂದು ತಿಂಗಳು ಟೋಕಿಯೊದವರು ರಾತ್ರಿ ಕೂರುತ್ತಾರೆ, ಮುಂದಿನ ತಿಂಗಳು ಸಾವೊ ಪಾಲೊದವರು. ಬರ್ಲಿನ್ ಗಡಿಯಾರ ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಬದಲಾಗುತ್ತದೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.