ರೋಗಿ ದಾಖಲೆ ಕೇಳಿದಾಗ: 72 ಗಂಟೆಯೊಳಗೆ ಏನೇನು ಆಗಬೇಕು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದರೆ, ಕೋರಿಕೆ ತಲುಪಿದ್ದಕ್ಕೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. ಹಾಗಾಗಿ ಅರ್ಜಿ ಪಡೆದ ಕೂಡಲೇ ಅದರ ಮೇಲೆ ತಾರೀಖಿನ ಜೊತೆ ಸಮಯವನ್ನೂ ಬರೆಯಿರಿ. ಬರೀ ತಾರೀಖಿದ್ದರೆ ಗಂಟೆ ಎಣಿಸುವುದು ಹೇಗೆ?

ಅರ್ಜಿಯಲ್ಲಿ ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನ, ಗುರುತಿನ ಚೀಟಿಯ ಪ್ರತಿ ಇರಲಿ. ಬೇರೆಯವರು ಬಂದಿದ್ದರೆ ರೋಗಿಯ ಸಹಿಯುಳ್ಳ ಅಧಿಕಾರ ಪತ್ರ ಬೇಕು. ಸಂಬಂಧಿಕರೆಂದ ಮಾತ್ರಕ್ಕೆ ಫೈಲು ಕೈಗಿಡುವಂತಿಲ್ಲ. ಜೆರಾಕ್ಸ್ ಮಾಡುವ ಮುನ್ನ ಪುಟಗಳಿಗೆ ಸಂಖ್ಯೆ ಹಾಕಿ. ಡಿಸ್ಚಾರ್ಜ್ ಸಾರಾಂಶವೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ಮಾಮೂಲಿ ತಪ್ಪು. ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಔಷಧ ಚಾರ್ಟ್, ಲ್ಯಾಬ್ ವರದಿ, ಒಪ್ಪಿಗೆ ಪತ್ರ ಎಲ್ಲವೂ ದಾಖಲೆಯೇ. ಕೊಟ್ಟ ಪುಟಗಳ ಎಣಿಕೆ ಬರೆದು ಪಡೆದವರ ಸಹಿ ಹಾಕಿಸಿಕೊಳ್ಳಿ.

ಅರ್ಜಿ ಬಂದ ಮೇಲೆ ಖಾಲಿ ಜಾಗ ತುಂಬಿಸಲು ಹೋಗಬೇಡಿ. ಶಾಯಿ, ಕೈಬರಹ ನೋಡಿದರೆ ಗೊತ್ತಾಗಿಬಿಡುತ್ತದೆ. ಮೊದಲೇ ಆದ ತಪ್ಪಿಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ, ತಾರೀಖು, ಸಮಯ ಹಾಕುವುದೇ ಕ್ರಮ. ವೈಟ್ನರ್ ವಾರ್ಡಿನೊಳಗೇ ಬರಬಾರದು.

ಒಳರೋಗಿ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡುವುದು ಕನಿಷ್ಠ ಮಿತಿ. ಗರ್ಭಪಾತದ ದಾಖಲಾತಿ ರಿಜಿಸ್ಟರಿಗೆ ಕೊನೆಯ ನಮೂದಿನಿಂದ 5 ವರ್ಷ. ಮೆಡಿಕೋ ಲೀಗಲ್, ಅಂದರೆ ಪೊಲೀಸ್ ಅಥವಾ ಕೋರ್ಟಿಗೆ ಸಂಬಂಧಿಸಿದ ಫೈಲುಗಳನ್ನು ಪ್ರಕರಣ ಮುಗಿಯುವವರೆಗೂ ಬೀಗ ಹಾಕಿಡಿ.