ಆತಂಕಕ್ಕೆ ನಿಧಾನ ಉಸಿರು: ಮಾಡುವ ಕ್ರಮ

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು, ಬೆಲ್ಟ್ ಬಿಗಿಯಿದ್ದರೆ ಸಡಿಲಿಸಿ. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಟ್ಟೆ ಮೇಲೆ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆದು, 6 ಎಣಿಸುತ್ತಾ ಬಿಡಿ. ಕೆಳಗಿನ ಕೈ ಏಳಬೇಕು, ಮೇಲಿನದು ಹೆಚ್ಚುಕಡಿಮೆ ಸುಮ್ಮನಿರಬೇಕು. ನಿಮಿಷಕ್ಕೆ ಸುಮಾರು 6 ಉಸಿರು. 5 ನಿಮಿಷ, ದಿನಕ್ಕೆ ಎರಡು ಸಲ.

ಬಹಳ ಜನ ಎಡವುವುದು ‘ಜೋರಾಗಿ ಉಸಿರೆಳೆದುಕೊಳ್ಳಿ’ ಎಂಬ ಸಲಹೆಯಿಂದ. ಎದೆ ತುಂಬ ಎಳೆದೆಳೆದು ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ಮೊದಲೇ ಆತಂಕದಲ್ಲಿರುವವರಿಗೆ ಇದೇ ಹೊಸ ಗಾಬರಿ! ಹಾಗಾದರೆ ಎಣಿಕೆ ಬಿಟ್ಟು ಮಾಮೂಲಿಯಾಗಿ ಉಸಿರಾಡಿ. ಮುಂದಿನ ಸಲ ಕಡಿಮೆ ಗಾಳಿ ಎಳೆದು, 3 ಮತ್ತು 4ರ ಲೆಕ್ಕದಿಂದ ಶುರು ಮಾಡಿ.

ನೆಮ್ಮದಿಯಾಗಿದ್ದಾಗಲೇ ರೂಢಿ ಮಾಡಿಕೊಳ್ಳಿ. ಎದೆ ಹೊಡೆದುಕೊಳ್ಳುವಾಗ ಹೊಸದನ್ನು ಕಲಿಯಲು ಆಗುವುದಿಲ್ಲ.

ವೈದ್ಯರು ಕೊಟ್ಟ ಮಾತ್ರೆಯನ್ನು ಇದರ ಭರವಸೆಯಲ್ಲಿ ನೀವೇ ನಿಲ್ಲಿಸಬೇಡಿ. ‘ನೈಸರ್ಗಿಕ’ ಎಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಕೂಡ ಖಿನ್ನತೆಯ ಮಾತ್ರೆ, ಗರ್ಭನಿರೋಧಕ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಮಂಕು 2 ವಾರ ದಾಟಿದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ತಕ್ಷಣವೇ, ಯಾರನ್ನಾದರೂ ಜೊತೆಗೆ ಕರೆದುಕೊಂಡು.